ತೊಳೆದು ಮತ್ತೆ ಬಳಸುವ ಆಯಿಲ್ ಫಿಲ್ಟರ್

ದೌಲತಾಬಾದ್, ಕೊಡಂಗಲ್, ತಾಂಡೂರು ಭಾಗದ ಬಹಳಷ್ಟು ಮನೆಗಳಿಗೆ ಇರುವ ವಾಹನ ಒಂದೇ ಒಂದು ಮೋಟಾರ್ ಸೈಕಲ್. ಕನ್ನಡ ಶಾಲೆ ಪಕ್ಕದೂರಿನಲ್ಲಿದ್ದರೆ ಮಕ್ಕಳನ್ನು ಒಯ್ಯುವುದೂ ಅದೇ, ತೊಗರಿ ಚೀಲವನ್ನು ಮಾರುಕಟ್ಟೆಗೆ ಮುಟ್ಟಿಸುವುದೂ ಅದೇ. ಆದ್ದರಿಂದ ಉಕ್ಕಿನ ಜಾಲರಿಯ ಫಿಲ್ಟರನ್ನು ಒಮ್ಮೆ ಕೊಂಡರೆ ಜನ್ಮಪೂರ್ತಿ ತೊಳೆದು ಬಳಸಬಹುದು ಎಂಬ ಮಾತು ಪಾಲಕರ ಕಿವಿಗೆ ಹಿತವಾಗಿ ಕೇಳಿಸುವುದು ಸಹಜ.

ಕೊಳ್ಳುವ ಮುನ್ನ ನಿಮ್ಮ ಗಾಡಿ ಯಾವುದೆಂದು ನೋಡಿಕೊಳ್ಳಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಸ್ಪ್ಲೆಂಡರ್, ಎಚ್‌ಎಫ್ ಡೀಲಕ್ಸ್ ಗಾಡಿಗಳಲ್ಲಿ ಬಿಸಾಡಬೇಕಾದ ಕಾಗದದ ಆಯಿಲ್ ಫಿಲ್ಟರೇ ಇಲ್ಲ. 1994ರಲ್ಲಿ ಸ್ಪ್ಲೆಂಡರ್ ಮಾರುಕಟ್ಟೆಗೆ ಬಂದಾಗಿನಿಂದಲೂ ಅದರ ಹೊಟ್ಟೆಯಲ್ಲಿರುವುದು ತೊಳೆದು ಬಳಸುವ ವ್ಯವಸ್ಥೆಯೇ. ತಳದಲ್ಲಿ ತಂತಿಯ ಜಾಲರಿಯೊಂದು ಜರಡಿಯಂತೆ ದಪ್ಪ ಕಸವನ್ನು ತಡೆಯುತ್ತದೆ. ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಬಟ್ಟಲಿನಾಕಾರದ ಇನ್ನೊಂದು ಭಾಗವಿದೆ. ಕವಣೆ ತಿರುಗಿಸುವಾಗ ಕಲ್ಲು ಹೊರಕ್ಕೆ ಜಗ್ಗುವುದಲ್ಲವೇ? ಹಾಗೆಯೇ ಆ ಬಟ್ಟಲು ವೇಗವಾಗಿ ತಿರುಗುವಾಗ ಎಣ್ಣೆಗಿಂತ ಭಾರವಾದ ಲೋಹದ ಚೂರು, ಮಸಿ, ಕ್ಲಚ್ ಪ್ಲೇಟಿನ ಸವಕಲು ಗೋಡೆಗೆ ಒತ್ತಿಕೊಂಡು ಕಪ್ಪು ಕೆಸರಾಗಿ ಕೂರುತ್ತವೆ. ರಂಧ್ರಗಳೇ ಇಲ್ಲದೆ ಸೋಸುವ ಈ ಯುಕ್ತಿಯನ್ನು ಎಂಟನೆಯ ತರಗತಿಯ ವಿದ್ಯಾರ್ಥಿಗೂ ತೋರಿಸಬಹುದು.

ಇವೆರಡನ್ನೂ ಶುಚಿಗೊಳಿಸಲು ಎಂಜಿನ್ನಿನ ಬಲಬದಿಯ ಮುಚ್ಚಳ ತೆರೆಯಬೇಕು. ತೆರೆದಾಗ ಹೊಸ ಗ್ಯಾಸ್ಕೆಟ್ ಹಾಕಬೇಕು. ಸಮಯ ಹಿಡಿಯುವ ಕೆಲಸವಾದ್ದರಿಂದ ಬರಿಯ ಆಯಿಲ್ ಬದಲಾಯಿಸಿ ಗಾಡಿಯನ್ನು ಕಳುಹಿಸುವ ರೂಢಿಯೇ ಹೆಚ್ಚು. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಇದನ್ನು ಮಾಡಿಸಿಕೊಳ್ಳಿ, ಕೇಳಿಯೇ ಮಾಡಿಸಿಕೊಳ್ಳಿ. ಇಂತಹ ಗಾಡಿಗೆ ಬೇರೆ ಫಿಲ್ಟರ್ ಕೊಳ್ಳುವ ಪ್ರಶ್ನೆಯೇ ಇಲ್ಲ.

ಪಲ್ಸರ್, ಬುಲೆಟ್ ಮುಂತಾದವುಗಳದು ಬೇರೆ ಲೆಕ್ಕ. ಅವುಗಳಲ್ಲಿ ಕಾಗದದ ಫಿಲ್ಟರ್ ಇರುತ್ತದೆ. ಉಕ್ಕಿನ ಜಾಲರಿಯ ಬೆಲೆ ಹದಿನೈದು ಕಾಗದದ ಫಿಲ್ಟರುಗಳಿಗೆ ಸಮ, ಒಂದೊಂದು ಫಿಲ್ಟರ್ 5,000 ಕಿಲೋಮೀಟರಿಗೆ ಸಾಕು ಎಂದಿಟ್ಟುಕೊಂಡರೆ, 75,000 ಕಿಲೋಮೀಟರ್ ಓಡಿದ ಮೇಲೆ ಹಾಕಿದ ಹಣ ಹುಟ್ಟುತ್ತದೆ. ದಿನಕ್ಕೆ 30 ಕಿಲೋಮೀಟರ್ ಓಡಿಸುವವರಿಗೆ ಅದು ಹೆಚ್ಚುಕಡಿಮೆ ಏಳು ವರ್ಷದ ಮಾತು. ಅಷ್ಟರವರೆಗೆ ಪ್ರತಿ ಸಲವೂ ಜಾಲರಿಯನ್ನು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು, ಎಳೆ ಹರಿದಿಲ್ಲವೆಂದು ನೋಡಬೇಕು. ತಾನೇ ಕುಳಿತು ಅಷ್ಟು ಶ್ರದ್ಧೆಯಿಂದ ಮಾಡುವವನಿಗೆ, ದಿನವೂ ದೂರ ಓಡಾಡುವವನಿಗೆ, ಅದು ಲಾಭವಾದೀತು. ಉಳಿದವರಿಗೆ ಕಾಗದವೇ ಲೇಸೆಂದು ನನ್ನ ಅಭಿಪ್ರಾಯ. ಮೇಲಾಗಿ, ಸಾಮಾನ್ಯವಾಗಿ ಕಾಗದದ ಎಳೆಗಳು ಉಕ್ಕಿನ ಜಾಲರಿಗಿಂತ ಸೂಕ್ಷ್ಮವಾದ ಕಣಗಳನ್ನು ಹಿಡಿಯುತ್ತವೆ.

ನಿಜವಾದ ಅಪಾಯವಿರುವುದು ಮತ್ತೊಂದು ಕಡೆ. ಕೆಲವೆಡೆ ಕಾಗದದ ಫಿಲ್ಟರನ್ನೇ ಪೆಟ್ರೋಲಿನಲ್ಲಿ ಜಾಡಿಸಿ ಮತ್ತೆ ಕೂರಿಸುತ್ತಾರೆ. ಮಡಿಕೆಗಳೊಳಗೆ ಹೂತ ಕಸ ಹಾಗೆ ಹೋಗದು. ನೆನೆದು ಉಬ್ಬಿದ ಕಾಗದ ಹರಿಯಲೂಬಹುದು. ಕಟ್ಟಿಕೊಂಡ ಫಿಲ್ಟರಿನಿಂದ ಎಣ್ಣೆ ಹರಿಯದಿದ್ದಾಗ ಹಲವು ಎಂಜಿನುಗಳಲ್ಲಿ ಅಡ್ಡದಾರಿಯ ಕವಾಟ ತೆರೆದು, ಸೋಸದ ಎಣ್ಣೆಯೇ ಬೇರಿಂಗುಗಳಿಗೆ ಹೋಗುತ್ತದೆ. ಕೆಲವೇ ರೂಪಾಯಿ ಉಳಿಸಲು ಹೋಗಿ ಎಂಜಿನ್ ಬಿಚ್ಚಿಸುವ ಪಾಡು ಒದಗುತ್ತದೆ. ಆದ್ದರಿಂದ ಹಳೆಯ ಫಿಲ್ಟರನ್ನು ನಿಮ್ಮ ಕೈಗೇ ಕೊಡಲು ಹೇಳಿರಿ.

ತಾಂಡೂರಿನ ಕಲ್ಲುಗಣಿಗಳ ಹತ್ತಿರ ಓಡಾಡುವವರಿಗೆ ಇನ್ನೊಂದು ಮಾತು: ಆ ಬಿಳಿ ಧೂಳು ಎಂಜಿನ್ನಿಗೆ ಬರುವುದು ಗಾಳಿಯ ದಾರಿಯಿಂದ. ಅದನ್ನು ತಡೆಯಬೇಕಾದದ್ದು ಏರ್ ಫಿಲ್ಟರ್. ಅದು ಹಾಳಾಗಿದ್ದರೆ ಎಂತಹ ಆಯಿಲ್ ಫಿಲ್ಟರಿನಿಂದಲೂ ಪ್ರಯೋಜನ ಅಲ್ಪ.

ಬಸಿದು ತೆಗೆದ ಕರಿ ಎಣ್ಣೆಯನ್ನು ಚರಂಡಿಗಾಗಲಿ ಹೊಲದ ಬದುವಿಗಾಗಲಿ ಸುರಿಯಬಾರದು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ.