ಶಾಲು-ಹಾರದ ಫೋಟೊ ಸಾಕು ಸರ್, ಹುಳದ ಫೋಟೊ ಹಾಕಿ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2018ರ ಮುಂಗಾರಿನಲ್ಲಿ ನಾನು ಕಳಿಸಿದ ಒಂದು ಸುದ್ದಿಯಲ್ಲಿ ‘ತಜ್ಞರ ಪ್ರಕಾರ’ ಎಂದು ಬರೆದಿದ್ದೆ. ಆ ತಜ್ಞರು ಯಾರೆಂದರೆ ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಗೊಬ್ಬರದ ಅಂಗಡಿಯವರು.

ಆ ವರ್ಷ ನಮ್ಮ ಹಾವೇರಿ ಕಡೆ ಗೋವಿನಜೋಳಕ್ಕೆ ಹೊಸ ಹುಳ ಬಿದ್ದಿತ್ತು. ಸುಳಿಯೊಳಗೆ ಕೂತು ಎಲೆಯನ್ನೆಲ್ಲ ಜರಡಿ ಮಾಡುತ್ತಿತ್ತು. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಥರಾವರಿ ಮದ್ದು ಓಡಾಡುತ್ತಿದ್ದವು. ನಮ್ಮ ಕಾಕಾ ಮೊಬೈಲನ್ನು ಮುಖದ ಮುಂದೆ ಹಿಡಿದು, ‘ತಮ್ಮಾ, ನೀ ಪೇಪರಿನಾಂವ. ಇದು ಖರೇನೋ ಸುಳ್ಳೋ ನೋಡಿ ಹೇಳು’ ಅಂದ.

ಮೂವರು ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ‘ರಿಜಿಸ್ಟ್ರಾರ್ ಅನುಮತಿ ಇಲ್ಲದೆ ಪತ್ರಿಕೆಗೆ ಮಾತಾಡುವಂತಿಲ್ಲ’ ಅಂದರು. ಮೂರನೆಯವರು ‘ಪೇಪರ್ ಬರೀತಾ ಇದ್ದೀವಿ, ಜರ್ನಲ್‌ನಲ್ಲಿ ಬಂದ ಮೇಲೆ ನೋಡಿ’ ಅಂದರು. ಸುದ್ದಿ ಕಳಿಸಲು ಸಂಜೆ ಏಳರ ಗಡುವು. ಅಂಗಡಿಯವರನ್ನು ಕೇಳಿದೆ. ಅವರು ತಮ್ಮಲ್ಲಿ ಸ್ಟಾಕ್ ಇದ್ದ ಔಷಧದ ಹೆಸರು ಹೇಳಿದರು, ನಾನು ಬರೆದೆ. ಆ ರಾತ್ರಿ, ಅನುಮತಿ ಬೇಕೆಂದಿದ್ದ ಸರ್ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹನ್ನೊಂದು ಫೋಟೊ ಹಾಕಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಅದಕ್ಕೆ ಯಾವ ರಿಜಿಸ್ಟ್ರಾರ್ ಅನುಮತಿಯೂ ಬೇಕಿರಲಿಲ್ಲ.

ಕಾಕಾ ಎರಡು ಸಲ ಔಷಧ ಹೊಡೆದ, ಅದೂ ನಡುಹಗಲಲ್ಲಿ, ಎಲೆಯ ಮೇಲೆ. ಹುಳ ಸುಳಿಯೊಳಗಿತ್ತು. ಸುಗ್ಗಿಯಲ್ಲಿ ಲೆಕ್ಕ ಹಾಕುವಾಗ ನನ್ನನ್ನು ಬೈಯಲಿಲ್ಲ. ‘ಪೇಪರಿನ್ಯಾಗ ಬಂದಿತ್ತಲ್ಲೋ’ ಅಂದ, ಅಷ್ಟೆ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಆಮೇಲೆ ಗೊತ್ತಾದದ್ದು ಇನ್ನೂ ಬೇಸರದ ವಿಷಯ. ಆ ಹುಳ ಫಾಲ್ ಆರ್ಮಿವರ್ಮ್. ಅಮೆರಿಕ ಖಂಡಗಳ ಹುಳ, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಹೆಮ್ಮೆಪಡುವ ಕೆಲಸ, ಅವರಿಗೆ ನಮಸ್ಕಾರ. ಆದರೆ ಆ ತಿಳಿವಳಿಕೆ ಇಂಗ್ಲಿಷ್ ಜರ್ನಲ್‌ನಿಂದ ಇಳಿದು, ಇಲಾಖೆಯ ಸುತ್ತೋಲೆಯಲ್ಲಿ ತಿರುಗಿ, ನಮ್ಮೂರಿಗೆ ಬರುವ ಹೊತ್ತಿಗೆ ಹುಳ ಹೊಟ್ಟೆ ತುಂಬಿಸಿಕೊಂಡಿತ್ತು. ರೈತನಿಗೆ ಬೇಕಿದ್ದದ್ದು ಮೂರೇ ಮಾತು. ಹುಳದ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕಿ ಇದ್ದರೆ ಇದೇ ಹುಳ. ಮರಿ ಇರುವಾಗಲೇ ಹಿಡಿಯಬೇಕು. ಬೆಳಿಗ್ಗೆ ಇಲ್ಲವೇ ಸಂಜೆ, ಸುಳಿಗೆ ಬೀಳುವಂತೆ ಹೊಡೆಯಬೇಕು. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು. ನಾನು ಫೋನ್ ಮಾಡಿದ ಮೂವರಿಗೂ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ.

‘ಫೇಸ್‌ಬುಕ್ಕು, ಯೂಟ್ಯೂಬು ಪ್ರಾಧ್ಯಾಪಕರ ಘನತೆಗೆ ತಕ್ಕದ್ದಲ್ಲ’ ಎನ್ನುವವರಿದ್ದಾರೆ. ಅವರಿಗೆ ಅವರದೇ ಹಿರಿಯರನ್ನು ನೆನಪಿಸಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಮರುವರ್ಷ ಅದೇ ಕಾಲೇಜಿನಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ ಶುರು ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟರು, ಅವು ಸಣ್ಣ ಪುಸ್ತಕಗಳಾಗಿ ಜನರ ಕೈ ಸೇರಿದವು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರಂತೂ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಬಂದದ್ದು. ಆ ಕಾಲಕ್ಕೆ ರೇಡಿಯೊವೇ ಹೊಸ ಮಾಧ್ಯಮ. ಅದಕ್ಕೆ ಯಂತ್ರ ಬೇಕಿತ್ತು, ದುಡ್ಡು ಬೇಕಿತ್ತು, ಧೈರ್ಯ ಬೇಕಿತ್ತು. ಇಂದಿನ ಪ್ರಾಧ್ಯಾಪಕರ ಜೇಬಿನಲ್ಲಿ ಅದಕ್ಕಿಂತ ದೊಡ್ಡ ಕೇಂದ್ರವೇ ಇದೆ. ಅದರಲ್ಲಿ ಬಿತ್ತರವಾಗುತ್ತಿರುವುದು ಗುಡ್ ಮಾರ್ನಿಂಗ್ ಹೂವು.

ಇದರಲ್ಲಿ ವ್ಯವಸ್ಥೆಯ ತಪ್ಪೂ ಇದೆ. ಯುಜಿಸಿಯ 2018ರ ನಿಯಮದಲ್ಲಿ ಒಂದು ಸಂಶೋಧನಾ ಲೇಖನಕ್ಕೆ ವಿಜ್ಞಾನ ವಿಭಾಗಗಳಲ್ಲಿ 8, ಭಾಷೆ ಮತ್ತು ಮಾನವಿಕ ವಿಭಾಗಗಳಲ್ಲಿ 10 ಅಂಕ. ಅದೇ ವಿಷಯವನ್ನು ಜನರಿಗೆ ತಿಳಿಯುವ ಕನ್ನಡದಲ್ಲಿ ಫೇಸ್‌ಬುಕ್‌ನಲ್ಲಿ ಬರೆದರೆ ಆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಬಡ್ತಿ ಕೊಡದ ಕೆಲಸ ಯಾಕೆ ಮಾಡಬೇಕು ಎಂದು ಅವರು ಕೇಳಿದರೆ ನ್ಯಾಯವೇ. ಆದರೆ ಶಾಲು-ಹಾರದ ಫೋಟೊಕ್ಕೂ ಅಂಕ ಇಲ್ಲವಲ್ಲ ಸರ್, ಅದನ್ನು ಹಾಕುತ್ತೀರಲ್ಲ?

‘ನಮ್ಮ ಪ್ರಬಂಧಗಳೆಲ್ಲ ಶೋಧಗಂಗಾದಲ್ಲಿವೆ, ಯಾರು ಬೇಕಾದರೂ ಓದಬಹುದು’ ಎಂಬ ಉತ್ತರವೂ ಸಿಗುತ್ತದೆ. ಹುಡುಕಿ ನೋಡಿ. ಕನ್ನಡದ ಎಷ್ಟೋ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನೆಷ್ಟೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಆದವು. ನಮ್ಮ ಊರಿನ ಹೆಸರು ಯೂನಿಕೋಡ್‌ನಲ್ಲಿ ಹಾಕಿ ಹುಡುಕಿದರೆ, ನಮ್ಮೂರ ಬಗ್ಗೆಯೇ ಇರುವ ಅಧ್ಯಾಯವೂ ಸಿಗುವುದಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಜನರ ಜೊತೆ ಮಾತಾಡಿದರೆ ಲಾಭ ಜನರಿಗಷ್ಟೇ ಅಲ್ಲ, ಸಂಶೋಧನೆಗೂ ಇದೆ. ಬೆಂಗಳೂರಿನ ಶಾಸನಗಳ ಕೆಲಸ ನೋಡಿ. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ದಾಖಲಿಸಿದ ಕಲ್ಲುಗಳು ಎಲ್ಲಿವೆ, ಎಷ್ಟು ಉಳಿದಿವೆ ಎಂದು ಹುಡುಕಲು ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ಫೇಸ್‌ಬುಕ್ ಗುಂಪನ್ನು ಬಳಸಿದರು. ಆಸಕ್ತರು ಕಲ್ಲುಗಳ ಫೋಟೊ, ಸುಳಿವು ಕೊಟ್ಟರು. ಆ ಕೆಲಸ ಬೆಳೆದು, ಈಗ ಮಿಥಿಕ್ ಸೊಸೈಟಿಯಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುವ ಯೋಜನೆಯಾಗಿದೆ. ಇದನ್ನು ಶುರು ಮಾಡಿದ್ದು ಯಾವ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೂ ಅಲ್ಲ. ಉದಯಕುಮಾರ್ ಓದಿದ್ದು ಎಂಜಿನಿಯರಿಂಗ್. ನಮ್ಮ ಜಿಲ್ಲೆಯಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದೇ ಕಷ್ಟ. ಕೆಲವದರ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಇತಿಹಾಸದ ಒಬ್ಬ ಮೇಷ್ಟ್ರು ‘ನಿಮ್ಮೂರ ಕಲ್ಲಿನ ಫೋಟೊ ಕಳಿಸಿ, ಅದರಲ್ಲಿ ಏನಿದೆ ಎಂದು ಹೇಳುತ್ತೇನೆ’ ಎಂದು ಒಂದು ಪೇಜ್ ತೆರೆದರೆ, ಹತ್ತು ವರ್ಷ ಕಾರು ಓಡಿಸಿದರೂ ಸಿಗದಷ್ಟು ಸಾಮಗ್ರಿ ಮನೆ ಬಾಗಿಲಿಗೆ ಬರುತ್ತದೆ. ಜೊತೆಗೆ ಕಲ್ಲೂ ಉಳಿಯುತ್ತದೆ.

ಭಯದ ಮಾತನ್ನು ತಳ್ಳಿಹಾಕುವುದಿಲ್ಲ. ಇವತ್ತು ಇತಿಹಾಸದ ಬಗ್ಗೆ, ಜಾತಿಯ ಬಗ್ಗೆ ನಾಲ್ಕು ಸಾಲು ಬರೆದರೆ ಬೈಗುಳದ ಮಳೆ ಬೀಳುತ್ತದೆ, ಕುಲಪತಿಗಳ ಮೇಜಿಗೆ ದೂರು ಹೋಗುತ್ತದೆ. ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಂದ ಧೈರ್ಯ ಕೇಳುವುದು ತಪ್ಪು. ವಿಚಿತ್ರ ನೋಡಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿ ಹುಡುಗರಿಗೆ ಯೂಟ್ಯೂಬ್‌ನಲ್ಲಿ ಪಾಠ ಮಾಡುತ್ತಿರುವವರಲ್ಲಿ ನನಗೆ ಗೊತ್ತಿರುವವರೆಲ್ಲ ಅತಿಥಿ ಉಪನ್ಯಾಸಕರೇ. ನಾನು ಕೇಳುತ್ತಿರುವುದು ಕಾಯಂ ಹುದ್ದೆ, ಯುಜಿಸಿ ಸಂಬಳ ಇರುವವರನ್ನು. ಹುಳದ ಗುರುತು ಹೇಳುವುದು ಸರ್ಕಾರದ ಟೀಕೆಯಲ್ಲ. ಅಷ್ಟಕ್ಕೂ ಅಂಜಿಕೆ ಇದ್ದರೆ ವಿಶ್ವವಿದ್ಯಾಲಯ ಒಂದು ಪುಟದ ಸುತ್ತೋಲೆ ಹೊರಡಿಸಲಿ: ತಮ್ಮ ವಿಷಯದ ಬಗ್ಗೆ ಸಾರ್ವಜನಿಕರಿಗೆ ತಿಳಿಸಲು ಅನುಮತಿ ಬೇಕಿಲ್ಲ, ದೂರು ಬಂದರೆ ಅಧ್ಯಾಪಕರ ಬೆನ್ನಿಗೆ ನಾವಿದ್ದೇವೆ ಎಂದು.

ಕೇಳುವುದು ದೊಡ್ಡದೇನಲ್ಲ. ಪ್ರತಿ ಸಂಶೋಧನಾ ಲೇಖನದ ಜೊತೆ ಒಂದು ಪುಟ ಕನ್ನಡ ಸಾರಾಂಶ, ಯೂನಿಕೋಡ್‌ನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ. ಬೆಳೆಗೆ ರೋಗ ಬಂದಾಗ, ನೀರು ಕೆಟ್ಟಾಗ, ಸುಳ್ಳು ಫಾರ್ವರ್ಡ್ ಓಡಾಡಿದಾಗ ವಿಭಾಗದಿಂದ ಎರಡು ನಿಮಿಷದ ವಿಡಿಯೊ. ಗೊತ್ತಿಲ್ಲದಿದ್ದರೆ ‘ಇನ್ನೂ ಗೊತ್ತಿಲ್ಲ, ಸದ್ಯ ಏನೂ ಹೊಡೆಯಬೇಡಿ’ ಎಂದರೂ ಅದು ಉತ್ತರವೇ. ಎಂ.ಎ., ಎಂ.ಎಸ್ಸಿ. ಮಕ್ಕಳು ಬರೆದು ರದ್ದಿಗೆ ಹೋಗುವ ಅಸೈನ್‌ಮೆಂಟ್‌ಗಳ ಬದಲು ಕನ್ನಡ ವಿಕಿಪೀಡಿಯಕ್ಕೆ ಒಂದೊಂದು ಒಳ್ಳೆಯ ಲೇಖನ. ಇಷ್ಟನ್ನು ಬಡ್ತಿಯ ಲೆಕ್ಕಕ್ಕೂ ಸೇರಿಸಿ ಎಂದು ಅಧ್ಯಾಪಕರ ಸಂಘಗಳು ಒಮ್ಮೆಯಾದರೂ ಕೇಳಲಿ.

ನಮ್ಮ ಕಡೆಯಿಂದಲೂ ಒಂದು ಮಾತು. ‘ಪತ್ರಕರ್ತರು ಹೇಳಿದ್ದನ್ನು ತಿರುಚುತ್ತಾರೆ’ ಎಂಬ ಅವರ ದೂರು ಪೂರ್ತಿ ಸುಳ್ಳಲ್ಲ. ಅದಕ್ಕೇ ಅವರು ನೇರವಾಗಿ ಬರೆಯಲಿ, ನಾವು ಅದನ್ನೇ ಎತ್ತಿ ಹಾಕುತ್ತೇವೆ. ನಾನಂತೂ ಹೆಸರಿಲ್ಲದ ‘ತಜ್ಞರ ಪ್ರಕಾರ’ವನ್ನು ಬಿಟ್ಟಿದ್ದೇನೆ. ಯಾರೂ ಮಾತಾಡದಿದ್ದರೆ ‘ಇಂಥ ವಿಭಾಗವನ್ನು ಕೇಳಿದೆವು, ಉತ್ತರ ಬರಲಿಲ್ಲ’ ಎಂದೇ ಬರೆಯುತ್ತೇನೆ.

ಮುಂಗಾರು ಬರುತ್ತದೆ, ಹೊಸ ಹುಳವೋ ಹೊಸ ರೋಗವೋ ಬರುತ್ತದೆ, ಕಾಕಾ ಮತ್ತೆ ಮೊಬೈಲ್ ಹಿಡಿದು ಕಟ್ಟೆಗೆ ಬರುತ್ತಾನೆ. ಅದರಲ್ಲಿ ಯಾರ ವಿಡಿಯೊ ಇರಬೇಕು ಎಂದು ನಿರ್ಧರಿಸಬೇಕಾದವರು ನೀವು, ಸರ್. ನೀವು ಸುಮ್ಮನಿದ್ದರೆ ಗೊಬ್ಬರದ ಅಂಗಡಿಯವರಂತೂ ಸುಮ್ಮನಿರುವುದಿಲ್ಲ.