ಕಣ್ಣಿಗೆ ಕೆಲಸ, ಕೈಗೆ ಬಿಡುವು

ಸಮುದ್ರವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ತಿಮಿಂಗಿಲ, ಶಾರ್ಕ್ ಮೊದಲಾದ ಮಹಾಪ್ರಾಣಿಗಳು. ಆದರೆ ಉಷ್ಣವಲಯದ ಹವಳದ ದಿಬ್ಬಗಳು ಇಂತಹ ದೈತ್ಯರ ನಿರ್ಮಾಣವಲ್ಲ. ಬಹುಮಟ್ಟಿಗೆ ಕೆಲವೇ ಮಿಲಿಮೀಟರು ಅಗಲದ ಜೀವಿಗಳು ತಲೆತಲಾಂತರದಿಂದ ಸುಣ್ಣವನ್ನು ಸ್ರವಿಸಿ ಕಟ್ಟಿದ ಊರುಗಳವು. ಆ ಊರಿನ ಸಂದುಗೊಂದುಗಳಲ್ಲಿ ಉಗುರಿನಷ್ಟು ಗಾತ್ರದ ಅಸಂಖ್ಯ ಪ್ರಾಣಿಗಳು ಬಾಳುತ್ತವೆ. ಅವನ್ನು ನೋಡಲೆಂದೇ ಇಂದು ದೂರದೂರದ ಜನರು ಇಂಡೊನೇಷ್ಯ, ಫಿಲಿಪೀನ್ಸ್ ದೇಶಗಳ ಕಡಲಿಗೆ ಇಳಿಯುತ್ತಾರೆ. ಕಡಲ ತಳವನ್ನು ಕಂಡವನು ನಾನಲ್ಲ. ಪಾಠ ಹೇಳುವುದು ನನ್ನ ಕಸುಬು. ಆದರೆ ನೋಡಲು ಕಲಿಸುವುದೂ ಶಿಕ್ಷಣವೇ ಆದುದರಿಂದ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಿದ್ಯಾರ್ಥಿ ಮಿತ್ರರ ಮುಂದಿಡಬಯಸುತ್ತೇನೆ.

1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ಎಂಬವರು, ಮುಳುಗುವವನು ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು ಸಿಲಿಂಡರಿನಿಂದ ಉಸಿರಾಡುವ ಸಾಧನವೊಂದನ್ನು ರೂಪಿಸಿದರು. ಇಂದಿನ ಸ್ಕೂಬಾ ಸಾಧನಕ್ಕೆ ಅದೇ ಮೂಲ. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುತ್ತದೆ. ಆದುದರಿಂದ 10 ಮೀಟರು ಕೆಳಗೆ ಗಾಳಿಯು ಮೇಲಿನದಕ್ಕಿಂತ ಎರಡರಷ್ಟು ಬೇಗ ತೀರುತ್ತದೆ. ಕೈಕಾಲು ಬಡಿದು ಧಾವಿಸುವವನ ಗಾಳಿಯು ಇನ್ನೂ ಬೇಗ ಮುಗಿಯುವುದು. ಮೇಲೇರದೆ, ಕೆಳಗಿಳಿಯದೆ, ನೀರಿನ ನಡುವೆ ತೂಗಿದಂತೆ ನಿಲ್ಲಬಲ್ಲವನೇ ನಿಜವಾದ ಮುಳುಗುಗಾರನು. ಚಿಕ್ಕ ಜೀವಿಗಳು ಕಾಣಿಸಿಕೊಳ್ಳುವುದೂ ಇಂತಹ ಸಮಾಧಾನಚಿತ್ತನಿಗೇ. 1998ರಲ್ಲಿ ಸುಲವೇಸಿಯ ಕಡಲಲ್ಲಿ ಪತ್ತೆಯಾದ ಅನುಕರಣಶೀಲ ಆಕ್ಟೋಪಸ್ ಒಮ್ಮೆ ಚಪ್ಪಟೆ ಮೀನಿನಂತೆ ಈಜಿ, ಮತ್ತೊಮ್ಮೆ ಕಡಲಹಾವಿನಂತೆ ಬಾಹುಗಳನ್ನು ಚಾಚಿ ಶತ್ರುವನ್ನು ವಂಚಿಸುತ್ತದೆ. ಅವಸರದವನ ಕಣ್ಣಿಗೆ ಈ ವೇಷಗಳು ದಕ್ಕುವುದೆಂತು?

ಕಿರು ಕಡಲಕುದುರೆಯ ಕಥೆಯು ಇನ್ನೂ ಸ್ವಾರಸ್ಯವಾಗಿದೆ. ಅದರ ಎತ್ತರ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರಿನೊಳಗೆ. ಅದು ವಾಸಿಸುವ ಬೀಸಣಿಗೆಯಾಕಾರದ ಹವಳದ ಬಣ್ಣವೇ ಅದರ ಬಣ್ಣ. ಆ ಹವಳದ ಮೊಗ್ಗುಗಳಂತಹ ಗುಬುಟುಗಳೇ ಅದರ ಮೈಮೇಲೆಲ್ಲ. 1969ರಲ್ಲಿ ನ್ಯೂ ಕ್ಯಾಲೆಡೋನಿಯದ ಬಾರ್ಜಿಬಾನ್ ಎಂಬವರಿಗೂ ಅದು ಗೋಚರವಾದುದು, ಸಂಗ್ರಹಕ್ಕೆಂದು ಮೇಲೆ ತಂದ ಹವಳವನ್ನು ಪರೀಕ್ಷಿಸುವಾಗಲೇ. ಪ್ರಾಯಕ್ಕೆ ಬಂದ ಬಳಿಕ ಈ ಪ್ರಾಣಿಯ ಬಾಳೆಲ್ಲವೂ ಒಂದೇ ಬೀಸಣಿಗೆಯ ಮೇಲೆ ಕಳೆಯುತ್ತದೆ. ಅದಕ್ಕೆ ಮನೆಯೂ ಅದೇ, ಮರೆಯೂ ಅದೇ.

ಇಂತಹ ಬಡಜೀವಿಯು ಕ್ಯಾಮೆರಾದ ಕಡೆಗೆ ಮುಖ ತಿರುಗಿಸಲಿಲ್ಲವೆಂದು ಕಡ್ಡಿಯಿಂದ ತಿವಿಯುವವರಿದ್ದಾರೆ! ಆಗ್ನೇಯ ಏಷ್ಯದ ಮುಳುಗುದಾಣಗಳಲ್ಲಿ ಪರೀಕ್ಷೆ ನಡೆಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಸಂಶೋಧಕರು, ಕ್ಯಾಮೆರಾದ ಮಿಂಚುಬೆಳಕಿಗಿಂತಲೂ ಮುಟ್ಟಿ ಕದಲಿಸುವುದೇ ಇಂತಹ ಪ್ರಾಣಿಗಳನ್ನು ಹೆಚ್ಚು ಕಲಕುತ್ತದೆಂದು ಕಂಡಿದ್ದಾರೆ. ಚಿತ್ರವಿಲ್ಲದಿದ್ದರೆ ಲೋಕಕ್ಕೆ ಇವುಗಳ ಪರಿಚಯವಾಗುವುದು ಹೇಗೆಂದು ಕೆಲವರು ಕೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ನಾನು ಇವನ್ನು ಕಂಡುದೂ ಚಿತ್ರಗಳಲ್ಲಿಯೇ. ಆದರೆ ತಿವಿದು ತೆಗೆದ ಚಿತ್ರವು ಪ್ರಾಣಿಯ ಬಾಳನ್ನು ತೋರಿಸುವುದಿಲ್ಲ, ಅದರ ಭಯವನ್ನು ತೋರಿಸುತ್ತದೆ. ತಪ್ಪನ್ನೆಲ್ಲ ಮಾರ್ಗದರ್ಶಕನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅವನ ಅನ್ನವು ಗಿರಾಕಿಯ ಮೆಚ್ಚಿಕೆಯಲ್ಲಿದೆ. 'ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ಮುಟ್ಟಬೇಡಪ್ಪ' ಎಂದು ನೀರಿಗಿಳಿಯುವ ಮೊದಲೇ ಹೇಳುವ ಹೊಣೆಯು ಹಣ ಕೊಡುವವನದೇ. ಆ ಜೀವಿಗಳು ಅಳಿದರೆ ನಾಳೆ ಮಾರ್ಗದರ್ಶಕನ ಒಲೆಯೂ ಆರುವುದೆಂಬುದನ್ನು ಇಬ್ಬರೂ ಮರೆಯಬಾರದು.

ಕಡಲಿಗೆ ಮುಳುಗುವ ಸೌಕರ್ಯ ನಮ್ಮಲ್ಲಿ ಎಷ್ಟು ಜನರಿಗಿದೆಯೆಂದು ನೀವು ಕೇಳಬಹುದು. ನಿಮ್ಮಲ್ಲಿ ಕೆಲವರು ಮುಂದೊಂದು ದಿನ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮುಳುಗಲೂಬಹುದು. ಅಲ್ಲಿಯವರೆಗೆ ನಮ್ಮ ಮುಂಬಯಿಯ ಕಡಲತೀರವೇ ಪಾಠಶಾಲೆಯಾಗಲಿ. ಈ ಗದ್ದಲದ ನಗರದ ಅಂಚಿನಲ್ಲಿಯೂ ಹವಳವು ಬೆಳೆಯುತ್ತದೆ. ಕರಾವಳಿ ರಸ್ತೆಯ ಕಾಮಗಾರಿಗಾಗಿ ಹಾಜಿ ಅಲಿ ಮತ್ತು ವರಳಿಯ ಹವಳಗಳನ್ನು 2020ರಲ್ಲಿ ಬೇರೆಡೆಗೆ ಸಾಗಿಸಬೇಕಾಯಿತೆಂಬುದೇ ಇದಕ್ಕೆ ಸಾಕ್ಷಿ. ಇಳಿತದ ವೇಳೆಯಲ್ಲಿ ಹಿರಿಯರೊಡನೆ ಹೋಗಿ, ಬಂಡೆಗಳ ನಡುವಣ ನೀರಗುಂಡಿಯೊಂದರ ಬಳಿ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಮೊದಲು ಬರಿಯ ನೀರು ಕಾಣುವುದು. ಆಮೇಲೆ ಶಂಖವು ನಡೆಯತೊಡಗುವುದು, ಅದರೊಳಗಿನಿಂದ ಏಡಿಯೊಂದು ಇಣುಕುವುದು. ಅದನ್ನು ಎತ್ತಿ ಸೀಸೆಗೆ ತುಂಬಿ ಮನೆಗೆ ತರುವ ಆಸೆಯು ಸಹಜವಾದುದೇ. ಆ ಆಸೆಯನ್ನು ತಡೆದು, ಕಂಡುದನ್ನು ಮಾತ್ರ ಪುಸ್ತಕದಲ್ಲಿ ಬರೆದು ತರುವ ಬಾಲಕ ಬಾಲಿಕೆಯರೇ ನಾಳೆ ಯಾವ ಕಡಲಿಗಾದರೂ ಇಳಿಯಲು ಯೋಗ್ಯರೆಂದು ನಾನು ತಿಳಿಯುತ್ತೇನೆ.