ಬ್ಯಾನರ್ ಕಟ್ಟಿದವರೇ, ಆವತ್ತು ಎಲ್ಲಿದ್ದಿರಿ?

ಊರೆಲ್ಲ ಹೌದು ಅಂದಾಗ ಒಬ್ಬ ಎದ್ದು ಅಲ್ಲ ಅಂದರೆ ಹೀರೋ ಆಗಿಬಿಡುತ್ತಾನಾ? ಹಾಗಂತ ನಂಬಿಸುವ ದಂಧೆಯೇ ಈಗ ಶುರುವಾಗಿದೆ. ಕೈಯಲ್ಲೊಂದು ಮೊಬೈಲು, 'ಯಾರೂ ಹೇಳದ ಸತ್ಯ ಹೇಳ್ತೀನಿ' ಅನ್ನೋ ಪೀಠಿಕೆ. ಹೇಳುವುದೇನು? ಮೀಸಲಾತಿ ಸಾಕು, ಹೆಣ್ಣುಮಕ್ಕಳು ಹದ್ದು ಮೀರಿದರು, ಜಾತಿ ಯಾವತ್ತೋ ಹೋಯಿತು. ಯಪ್ಪಾ, ಇದಕ್ಕೆ ಎದೆಗಾರಿಕೆ ಬೇಕೇನು? ಉಳ್ಳವರ ಕಟ್ಟೆಯ ಮೇಲೆ ಇದೇ ಮಾತನ್ನು ತಲೆತಲಾಂತರದಿಂದ ಎಲಡಿಕೆ ಜಗಿಯುತ್ತ ಆಡಿಕೊಂಡು ಬಂದಿದ್ದಾರೆ. ಬಲಿತವನ ಮಾತನ್ನೇ ಆಡಿ ಒಂಟಿ ವೀರನ ವೇಷ ಹಾಕುವವನಿಗೆ ಬೇರೆ ಹೆಸರಿದೆ: ಬಾಡಿಗೆ ಬಾಯಿ.

1973ರ ನವೆಂಬರನ್ನು ನೆನಪಿಸುತ್ತೇನೆ. ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಇವರೇ. ಮಲದ ಬುಟ್ಟಿ ಕಂಡು ನಾಚದ ಅಭಿಮಾನಕ್ಕೆ ಬೂಸಾ ಅಂದದ್ದೇ ತಡ ಬೆಂಕಿ ಹತ್ತಿತು. ದಲಿತ ಹುಡುಗರನ್ನು ಹಾಸ್ಟೆಲಿಗೆ ನುಗ್ಗಿ ಹೊಡೆದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅವರ ಮಾತು ಪೂರ್ತಿ ನಿಜವೆಂದು ನಾನೂ ಒಪ್ಪುವುದಿಲ್ಲ. ವಚನಕಾರರನ್ನು ಬೂಸಾ ಅನ್ನಲು ನನ್ನ ನಾಲಿಗೆ ಹೊರಳದು. ಆದರೆ ಆ ಮಾತು ಯಾರ ಕಡೆ ಬೀಸಿತ್ತು ಅನ್ನುವುದು ಮುಖ್ಯ. ಸಾವಿರ ವರ್ಷ ಅಕ್ಷರ ಹಿಡಿದು ಕೂತವರ ಕಡೆ ಬೀಸಿತ್ತು, ಪಾಯಿಖಾನೆ ಬಳಿಯುವವರ ಕಡೆಗಲ್ಲ.

ಇನ್ನೂ ಮುಖ್ಯವಾದದ್ದು ಆಮೇಲಿನದು. ಪೆಟ್ಟು ತಿಂದ ಆ ಹುಡುಗರು ಬಸವಲಿಂಗಪ್ಪನವರ ಫೋಟೋಕ್ಕೆ ಹಾರ ಹಾಕಿ ಸುಮ್ಮನಾಗಲಿಲ್ಲ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಸೇರಿ ಹತ್ತಾರು ಜನ ಒಟ್ಟಾದರು, ದಲಿತ ಸಂಘರ್ಷ ಸಮಿತಿ ಹುಟ್ಟಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಇಡಿರೆಂದು ನಮ್ಮ ಸೀಮೆಯ ಚೆನ್ನಣ್ಣ ವಾಲೀಕಾರರು ಕೇಳಿದರು. ಪರಿಷತ್ತು ಒಲ್ಲೆ ಅಂದಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ತಮ್ಮದೇ ಸಮ್ಮೇಳನ ಮಾಡಿದರು. ಮೊದಲನೆಯವನ ದನಿಗೆ ಎರಡನೆಯವನು ದನಿಗೂಡಿಸಿದ ಲೆಕ್ಕ ಇದು. ಹೀರೋ ಲೆಕ್ಕ ಇಲ್ಲಿಲ್ಲ.

ಎರಡನೆಯವನು ಬಾರದೆ ಹೋದಾಗ ಏನಾಗುತ್ತದೆ? ಎಂ.ಎಂ. ಕಲಬುರ್ಗಿಯವರನ್ನು ಕೇಳಬೇಕಿತ್ತು. ಬಸವಣ್ಣನವರ ಮನೆತನದ ಬಗ್ಗೆ ತಮ್ಮ 'ಮಾರ್ಗ' ಕೃತಿಯಲ್ಲಿ ಬರೆದದ್ದಕ್ಕೆ 1989ರಲ್ಲಿ ಅವರ ಕೈಯಿಂದಲೇ ಅದನ್ನು ವಾಪಸು ಪಡೆಸಿದರು. ಮನೆಮಂದಿಯ ಜೀವಕ್ಕೆ ಹೆದರಿ ಸಂಶೋಧಕನೊಬ್ಬ ತಲೆ ತಗ್ಗಿಸಿದ ದಿನ ಬೆನ್ನಿಗೆ ನಿಂತವರು ಬೆರಳೆಣಿಕೆಯ ಜನ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ಮನೆ ಬಾಗಿಲಲ್ಲೇ ಗುಂಡು ಹೊಡೆದರು. ಮರುದಿನ ನೋಡಬೇಕು, ಊರೂರಲ್ಲಿ ಬ್ಯಾನರು, ಮೇಣದಬತ್ತಿ. ಹೆಣಕ್ಕೆ ಹೀರೋ ಪಟ್ಟ ಕಟ್ಟುವುದು ಬಲು ಸಲೀಸು, ಹೆಣ ಮತ್ತೆ ಮಾತಾಡಿ ನಮ್ಮನ್ನು ಇಕ್ಕಟ್ಟಿಗೆ ಸಿಗಿಸುವುದಿಲ್ಲ. 'ಅವರು ಬಿಡ್ರೀ, ದೊಡ್ಡವರು, ನಮ್ಮ ಕೈಲಿ ಆಗೋದಲ್ಲ' ಅಂದು ಜಾರಿಕೊಳ್ಳಲೂ ಬರುತ್ತದೆ.

ನಮ್ಮೂರು ಗೊರೇಬಾಳದ ಮಗ್ಗುಲಲ್ಲೇ ಮಸ್ಕಿ ಇದೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆ ಅಂತ ನಾವು ಎದೆಯುಬ್ಬಿಸುತ್ತೇವೆ. ಹೆಸರು ಓದಿದವರು ಒಳಗಿನ ಮಾತನ್ನೂ ಓದಲಿ. ಧರ್ಮದಲ್ಲಿ ನಡೆದರೆ ಕಿರಿಯನೂ ಆ ಎತ್ತರ ಮುಟ್ಟಬಲ್ಲ, ಹಿರಿಯನಿಗಷ್ಟೇ ಅದು ಸಾಧ್ಯ ಅಂದುಕೊಳ್ಳಬೇಡಿ ಎಂಬ ಅರ್ಥದ ಮಾತು ಅಲ್ಲಿದೆ. ದೊರೆ ಹೇಳಿದ, ಕಲ್ಲಿಗೆ ಏರಿತು, ಅವನ ಕೂದಲೂ ಕೊಂಕಲಿಲ್ಲ. ಇವತ್ತು ನಮ್ಮ ಕೇರಿಯ ಹುಡುಗ ಇದನ್ನೇ ಹೋಟೆಲಿನಲ್ಲಿ ಹೇಳಿ ತನಗಿಟ್ಟ ಬೇರೆ ಗ್ಲಾಸನ್ನು ಆಚೆ ಎಸೆಯಲಿ, ನಾಳೆಯಿಂದ ಅವನವ್ವನನ್ನು ಯಾರು ಕೂಲಿಗೆ ಕರೀತಾರೆ ನೋಡೋಣ.

ಹಾಗಂತ ಬೇರೆಯವರ ಪಾಪವನ್ನೇ ಎಣಿಸುತ್ತ ಕೂರುವುದು ಸುಲಭ. ಗೊರೇಬಾಳದ ನೆಲದ ಮೇಲೇ ನಿಂತು ಮಾತಾಡೋಣ. ಇಲ್ಲಿ ಜನಾಭಿಪ್ರಾಯ ಅಂದರೆ ನೆಲ್ಲು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ತನಕ ಮುಟ್ಟಬೇಕು. ಕಟ್ಟಿದವರ ಲೆಕ್ಕದಲ್ಲಿ ಬಹುಪಾಲು ಹೊಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಇತ್ತು. ಮೇಲಿದ್ದವರು ಗದ್ದೆ ಮಾಡಿ ನೆಲ್ಲು ಹಚ್ಚಿದೆವು. ಕಾಲುವೆಗೆ ಪಂಪ್‌ಸೆಟ್ ಇಳಿಸಿದವರೂ ಇದ್ದಾರೆ. 133 ಟಿಎಂಸಿಯ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ, ನಮ್ಮ ದಾಹ ಮಾತ್ರ ಇಳಿದಿಲ್ಲ. ಕೊನೆಭಾಗದ ರೈತ ವರ್ಷ ವರ್ಷ ರಸ್ತೆಗೆ ಕೂತು ನೀರು ಕೇಳುತ್ತಾನೆ. ನಾವು ಅವನ ಧರಣಿಯ ಫೋಟೋ ಪೇಪರಿನಲ್ಲಿ ನೋಡಿ, ಛೇ ಪಾಪ ಅಂದು, ತೂಬು ಇನ್ನೊಂದು ಗೇಣು ಎತ್ತುತ್ತೇವೆ.

ಈ ಊರಲ್ಲಿ ಎದ್ದು 'ಎರಡನೇ ನೆಲ್ಲು ಬ್ಯಾಡ್ರಪ್ಪೋ, ಕೆಳಗಿನವರೂ ಉಣ್ಣಲಿ' ಅನ್ನುವವನಿಗೆ ಸಿಗುವ ಉತ್ತರ ನನಗೆ ಗೊತ್ತು. 'ಮಂದಿ ಹೊಟ್ಟಿ ಮ್ಯಾಲ ಕಾಲಿಡಾಕ ಬಂದೀಯೇನಲೇ?' ಸರ್ಕಾರವನ್ನು ಬೈದರೆ ಚಪ್ಪಾಳೆ, ಆಂಧ್ರದವರನ್ನು ಬೈದರೆ ಶಿಳ್ಳೆ, ನಮ್ಮದೇ ತೂಬಿನ ಬಗ್ಗೆ ಬಾಯಿಬಿಟ್ಟರೆ ದ್ರೋಹಿ. ಅದಕ್ಕೇ ಯಾರೂ ಬಾಯಿಬಿಡುವುದಿಲ್ಲ. ಬಸವಣ್ಣನ ಜಯಂತಿಗೆ ಮೈಕು ಹಿಡಿಯುವವರೂ, ಅಂಬೇಡ್ಕರ್ ಪುತ್ಥಳಿಗೆ ಹಾರ ಹಾಕುವವರೂ, ನನ್ನಂಥ ಬರೆಯುವವರೂ.

ಮುಂದಿನ ಹಂಗಾಮಿಗೆ ನೀರಾವರಿ ಸಲಹಾ ಸಮಿತಿಯ ಸಭೆ ಕೂಡುತ್ತದೆ. ನಮ್ಮ ಶಾಸಕರು, ಮುಖಂಡರು ಹೋಗುತ್ತಾರೆ, ನಮಗೆ ಎಷ್ಟು ನೀರು, ಎಷ್ಟು ದಿನ ಅಂತ ಮೇಜು ಕುಟ್ಟುತ್ತಾರೆ. ಅವರಲ್ಲೊಬ್ಬ ಮೊದಲು ಮಾನ್ವಿಯ ಕೊನೆಯ ಹೊಲದ ಲೆಕ್ಕ ಕೇಳಲಿ. ಊರಿಗೆ ವಾಪಸು ಬಂದಾಗ ಅವನ ಮನೆ ಮುಂದೆ ಕಲ್ಲು ಹಿಡಿದು ಯಾರು ನಿಲ್ಲುತ್ತಾರೆ, ಅವನ ಪಕ್ಕ ಯಾರು ನಿಲ್ಲುತ್ತಾರೆ, ಆಗ ಎಣಿಸೋಣ.